ಕುಪ್ಪಳಿಯ ಉಪ್ಪರಿಗೆ, ನಮ್ಮೂರ ಅಂಗನವಾಡಿ

ನಮ್ಮ ಶಿಕಾರಿಪುರ, ಸೊರಬ ಕಡೆ ಮಕ್ಕಳ ಓದಿನ ವಿಷಯ ಎತ್ತಿದರೆ ಸಾಕು, ಒಂದು ಮಾತು ಬಂದೇ ಬರುತ್ತೆ. ಮೂರನೇ ಕ್ಲಾಸಿನ ಮಗುವಿಗೆ ಒಂದನೇ ಕ್ಲಾಸಿನ ಪಾಠ ಓದೋಕೆ ಬರ್ತಿಲ್ಲ ಯಾಕೆ ಅಂತ ಕೇಳಿದರೆ, ಮನೆಯಲ್ಲಿ ಓದುವ ವಾತಾವರಣ ಇಲ್ಲ ಅನ್ನೋದು ಸಿದ್ಧ ಉತ್ತರ. ಹೇಳುವವರು ಕೆಟ್ಟವರೇನಲ್ಲ. ಅಪ್ಪ ಅಮ್ಮ ಇಬ್ಬರೂ ಮೆಕ್ಕೆಜೋಳ ಮುರಿಯೋಕೋ ಶುಂಠಿ ಕೀಳೋಕೋ ಹೋಗಿರ್ತಾರೆ, ಮನೆಯಲ್ಲಿ ಪುಸ್ತಕ ಇಲ್ಲ, ಹೇಳಿಕೊಡುವವರಿಲ್ಲ. ಇದೆಲ್ಲ ನಿಜವೇ. ಆದರೆ ಆ ಮಾತು ಹೊರಬಿದ್ದ ಮೇಲೆ ಅಲ್ಲಿಗೆ ಎಲ್ಲರ ಜವಾಬ್ದಾರಿಯೂ ಮುಗಿದುಹೋಗುತ್ತೆ. ಶಾಲೆಯದ್ದು ತಪ್ಪಿಲ್ಲ, ಸರ್ಕಾರದ್ದು ತಪ್ಪಿಲ್ಲ. ತಪ್ಪೆಲ್ಲ ಕೂಲಿಗೆ ಹೋದ ಅಮ್ಮನದ್ದು.

ನಾನು ತೊಗರ್ಸಿಯಲ್ಲಿ ಬೆಳೆದು, ಎಂಜಿನಿಯರಿಂಗ್ ಓದಿ, ಆಮೇಲೆ ಪತ್ರಿಕೋದ್ಯಮಕ್ಕೆ ಬಂದ ಆಸಾಮಿ. ಓದಿದ್ದು ಮರೆತುಹೋಗಿದೆ, ಅದರ ಒಂದು ಚಟ ಮಾತ್ರ ಉಳಿದಿದೆ. ಯಾವುದಾದರೂ ಯಂತ್ರ ಚೆನ್ನಾಗಿ ಓಡ್ತಿದೆ ಅಂದರೆ ಅದನ್ನು ಬಿಚ್ಚಿ, ಒಳಗೆ ಏನೇನು ಬಿಡಿಭಾಗ ಇವೆ, ಎಣ್ಣೆ ಹಾಕ್ತಿರೋದು ಯಾರು ಅಂತ ನೋಡಬೇಕು ಅನ್ನಿಸುತ್ತೆ. ಓದುವ ವಾತಾವರಣ ಇದ್ದ ಮನೆ ಅಂದರೆ ಹೇಗಿರುತ್ತೆ? ಅದನ್ನು ಬಿಚ್ಚಿ ನೋಡೋಕೆ ನಮ್ಮ ಜಿಲ್ಲೆಯಲ್ಲೇ ಒಂದು ಮನೆ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅಲ್ಲಿ ಬೆಳೆದ ಹುಡುಗನ ಹೆಸರು ಪುಟ್ಟಪ್ಪ.

ಕುವೆಂಪು ಬಗ್ಗೆ ಇನ್ನೇನು ಬರೆಯೋಕಿದೆ ಅಂತ ನಿಮಗೆ ಅನ್ನಿಸಬಹುದು. ರಾಷ್ಟ್ರಕವಿ, ಜ್ಞಾನಪೀಠ, ವಿಶ್ವಮಾನವ, ಇಷ್ಟು ಶಾಲೆಯ ಗೋಡೆ ಮೇಲೇ ಇದೆ. ನಾನು ಹೇಳಹೊರಟಿರೋದು ಆ ಗೋಡೆಗಿಂತ ಹಿಂದಿನ ಕಥೆ. ಅಕ್ಷರ ಬರುವ ಮೊದಲು ಆ ಹುಡುಗನ ಕಿವಿಗೆ ಏನು ಬಿತ್ತು, ಅದಕ್ಕೆ ಖರ್ಚು ಮಾಡಿದವರು ಯಾರು, ಅದೇ ದನಿ ಬೀಳಬಹುದಾಗಿದ್ದ ಉಳಿದ ಕಿವಿಗಳಿಗೆ ಏನಾಯ್ತು ಅನ್ನೋ ಕಥೆ.

ಐಗಳು ಬಂದ ಮನೆ

ಪುಟ್ಟಪ್ಪ ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮ. ಬೆಳೆದಿದ್ದು ಕುಪ್ಪಳಿಯ ತುಂಬು ಕುಟುಂಬದ ಮನೆಯಲ್ಲಿ. ಸುತ್ತ ಕಾಡು, ಕೆಳಗೆ ಅಡಿಕೆ ತೋಟ ಮತ್ತು ಗದ್ದೆ, ಹಿಂದೆ ಮುಂದೊಂದು ದಿನ ಕವಿಶೈಲ ಅಂತ ಹೆಸರಾಗುವ ಬಂಡೆಗಳ ಗುಡ್ಡ. ಜಾತಿಯಿಂದ ಒಕ್ಕಲಿಗರು. ಶಾಸ್ತ್ರದ ಲೆಕ್ಕದಲ್ಲಿ ಶೂದ್ರರು, ಜಮೀನಿನ ಲೆಕ್ಕದಲ್ಲಿ ಒಡೆಯರು. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಗಿನ ಮೈಸೂರು ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಜನವೂ ಇರಲಿಲ್ಲ. ಹೆಂಗಸರಲ್ಲಂತೂ ನೂರಕ್ಕೆ ಇಬ್ಬರು ಸಿಕ್ಕರೆ ಹೆಚ್ಚು. ಕಡ್ಡಾಯ ಶಿಕ್ಷಣದ ಕಾನೂನು ಬಂದಿದ್ದು 1913ರಲ್ಲಿ, ಅದೂ ಆಯ್ದ ಕೆಲವು ಕಡೆಗೆ ಮಾತ್ರ. ಕಾಡಿನ ನಡುವಿನ ಒಂಟಿಮನೆಗಳಿಗೆ ಸರ್ಕಾರಿ ಶಾಲೆ ಅನ್ನೋದು ದೂರದ ಮಾತು. ಹಾಗಿದ್ದ ಮೇಲೆ ಕುಪ್ಪಳಿ ಮನೆಯವರು ಏನು ಮಾಡಿದರು? ಶಾಲೆಯನ್ನೇ ಮನೆಗೆ ಕರೆಸಿದರು. ದಕ್ಷಿಣ ಕನ್ನಡದಿಂದ ಒಬ್ಬ ಉಪಾಧ್ಯಾಯರನ್ನು ಗೊತ್ತುಮಾಡಿ, ಮನೆತನದ ಮಕ್ಕಳಿಗೆ ಮನೆಯಲ್ಲೇ ಪಾಠ ಶುರು ಮಾಡಿಸಿದರು. ಇಂಥ ಉಪಾಧ್ಯಾಯರಿಗೆ ಮಲೆನಾಡಿನಲ್ಲಿ ಐಗಳು ಅಂತ ಹೆಸರು.

ಘಟ್ಟದ ಕೆಳಗಿನಿಂದಲೇ ಯಾಕೆ ಅನ್ನೋದಕ್ಕೆ ಕಾರಣ ಹುಡುಕೋದು ಕಷ್ಟವಲ್ಲ. ಕರಾವಳಿಯಲ್ಲಿ ಶಾಲೆಗಳು, ಮುದ್ರಣ, ಮಿಷನ್ನಿನವರ ಓಡಾಟ ಎಲ್ಲ ಬೇಗ ಶುರುವಾಗಿತ್ತು. ಕನ್ನಡದ ಮೊದಲ ಪತ್ರಿಕೆ ಹೊರಟಿದ್ದು 1843ರಲ್ಲಿ, ಮಂಗಳೂರಿನಿಂದ. ಓದು ಕಲಿತವರು ಅಲ್ಲಿದ್ದರು, ಅವರಿಗೆ ಊಟ, ವಸತಿ, ಸಂಬಳ ಕೊಡುವ ತಾಕತ್ತು ಮೇಲಿನ ಅಡಿಕೆ ತೋಟಗಳಿಗಿತ್ತು. ಹೀಗೆ ಬಂದು ಹೋದ ಐಗಳು ಒಬ್ಬಿಬ್ಬರಲ್ಲ. ಮುಂದೆ ಕುವೆಂಪು 1933ರ ‘ಮಲೆನಾಡಿನ ಚಿತ್ರಗಳು’ ಪುಸ್ತಕದಲ್ಲಿ ಒಂದು ಪ್ರಬಂಧವನ್ನೇ ಅವರಿಗೆ ಮೀಸಲಿಟ್ಟರು. ಅದರ ಹೆಸರು ‘ಮನೆಯ ಶಾಲೆಯ ಐಗಳ ಮಾಲೆ’.

ಆ ಕಾಲದ ಐಗಳ ಪಾಠ ಅಂದರೆ ಈಗಿನ ಚಂದದ ಚಿತ್ರಗಳ ನಲಿ-ಕಲಿ ಅಲ್ಲ. ಮರಳಿನ ಮೇಲೆ ಬೆರಳಿಟ್ಟು ತಿದ್ದೋದು, ಮಗ್ಗಿ ಬಾಯಿಪಾಠ, ತಪ್ಪಿದರೆ ಬೆತ್ತ. ಬೋಧನಾಕ್ರಮದ ದೃಷ್ಟಿಯಿಂದ ಹೆಮ್ಮೆಪಡುವಂಥದ್ದೇನಿಲ್ಲ. ಹಾಗಾಗಿ ಬರೀ ಐಗಳಿಂದ ಕುವೆಂಪು ಆದರು ಅಂತ ಹೇಳೋಕೆ ಬರೋದಿಲ್ಲ. ಆ ಯಂತ್ರದಲ್ಲಿ ಇನ್ನೊಂದು ಭಾಗ ಇತ್ತು. ಅದು ಓಡ್ತಿದ್ದುದು ಸಂಜೆ ಹೊತ್ತು.

ಕಣ್ಣಿಗಿಂತ ಮೊದಲು ಕಿವಿ

ಮಲೆನಾಡಿನ ಮಳೆಗಾಲ ಗೊತ್ತಲ್ಲ. ಕತ್ತಲಾದ ಮೇಲೆ ಹೊರಗೆ ಕಾಲಿಡೋಕಾಗಲ್ಲ. ಅಂಥ ರಾತ್ರಿಗಳಲ್ಲಿ ದೊಡ್ಡ ಮನೆಗಳ ಜಗಲಿಯಲ್ಲೋ ಉಪ್ಪರಿಗೆಯಲ್ಲೋ ತೊರವೆ ರಾಮಾಯಣ, ಜೈಮಿನಿ ಭಾರತಗಳ ಓದು ನಡೀತಿತ್ತು. ಒಬ್ಬರು ರಾಗವಾಗಿ ಓದೋದು, ಇನ್ನೊಬ್ಬರು ಅರ್ಥ ಹೇಳೋದು, ಉಳಿದವರು ಕಂಬಕ್ಕೊರಗಿ ಎಲೆಅಡಿಕೆ ಹಾಕ್ಕೊಂಡು ಕೇಳೋದು. ಮಳೆ ಬಿಟ್ಟ ಮೇಲೆ ಬಯಲಾಟ, ತಾಳಮದ್ದಲೆ. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರೋದು ಮಾತು ಮಾತ್ರ. ಕೃಷ್ಣನ ಪಾತ್ರದ ಅರ್ಥಧಾರಿ ಒಂದು ವಾದ ಇಟ್ಟರೆ ಎದುರಿನವನು ಅದನ್ನು ಕತ್ತರಿಸಬೇಕು. ಗಂಟೆಗಟ್ಟಲೆ ಹೀಗೆ ಸಾಗುತ್ತೆ.

ಇದರ ನಡುವೆ ಕೂತ ಐದಾರು ವರ್ಷದ ಹುಡುಗನನ್ನು ಊಹಿಸಿಕೊಳ್ಳಿ. ಅವನಿಗೆ ಷಟ್ಪದಿ ಅಂದರೇನು ಗೊತ್ತಿಲ್ಲ, ಆದರೆ ಅದರ ನಡೆ ಕಿವಿಯಲ್ಲಿ ಕೂತಿದೆ. ಎಷ್ಟೋ ಪದಗಳ ಅರ್ಥ ಗೊತ್ತಿಲ್ಲ, ಆದರೆ ಅವು ಎಲ್ಲಿ ಬರ್ತವೆ, ಯಾವ ದನಿಯಲ್ಲಿ ಬರ್ತವೆ ಅಂತ ಗೊತ್ತು. ಪುಸ್ತಕ ಅನ್ನೋ ವಸ್ತುವಿನಿಂದ ದೊಡ್ಡವರು ಅಳ್ತಾರೆ, ನಗ್ತಾರೆ, ಜಗಳ ಆಡ್ತಾರೆ ಅನ್ನೋದನ್ನು ಕಣ್ಣಾರೆ ನೋಡಿದ್ದಾನೆ. ಮರಳಿನ ಮೇಲೆ ಅಕ್ಷರ ತಿದ್ದುವಾಗ ಐಗಳ ಬೆತ್ತದ ಆಚೆ ಏನಿದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು.

ಇದನ್ನು ಭಾವುಕತೆಯಿಂದ ಹೇಳ್ತಿಲ್ಲ. ಕನ್ನಡ ಲಿಪಿ ಕಲಿಯೋದು ಸಣ್ಣ ಕೆಲಸವಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ ಅಂತೀವಿ. ಆದರೆ 34 ವ್ಯಂಜನಗಳಿಗೆ ಕಾಗುಣಿತ ಹಾಕಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ಕನ್ನಡದ ಮಕ್ಕಳ ಓದಿನ ಮೇಲೆ ಅಧ್ಯಯನ ಮಾಡಿದ ಸೊನಾಲಿ ನಾಗ್ ತೋರಿಸಿಕೊಟ್ಟಿದ್ದು ಇದನ್ನೇ: ಈ ಅಕ್ಷರರಾಶಿಯ ಮೇಲೆ ಹಿಡಿತ ಬರೋಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು. ಅಷ್ಟು ವರ್ಷ ಗುದ್ದಾಡೋಕೆ ಮಗುವಿಗೆ ಒಂದು ಕಾರಣ ಬೇಕಲ್ವಾ? ಓದಿದ ಪದ ಬಾಯಿಗೆ ಬಂದ ಕೂಡಲೇ, ಇದು ನನಗೆ ಗೊತ್ತಿರೋ ಪದ ಅನ್ನಿಸಬೇಕು. ಕಿವಿಯಲ್ಲಿ ಮೊದಲೇ ಪದಗಳ ಸಂಗ್ರಹ ಇರುವ ಮಗುವಿಗೆ ಅಕ್ಷರ ಒಂದು ಬೀಗದ ಕೈ. ಸಂಗ್ರಹ ಇಲ್ಲದ ಮಗುವಿಗೆ ಅದು ಬರೀ ಗೀಟು.

ಹಾಗಾದರೆ ಕುಪ್ಪಳಿ ಮನೆಯ ಬಿಡಿಭಾಗಗಳು ಯಾವುವು? ಜೋರಾಗಿ ಓದುವ ಒಂದು ದನಿ. ಮಗುವಿನ ಆಡುಮಾತಿಗೆ ತೀರಾ ದೂರವಲ್ಲದ ಭಾಷೆ. ಕೈಗೆ ಸಿಗುವ ಪುಸ್ತಕ. ಇವೆಲ್ಲಕ್ಕಿಂತ ಮುಖ್ಯವಾಗಿ, ದಿನದ ಕೊನೆಗೆ ಕೂತು ಕೇಳುವಷ್ಟು ಬಿಡುವು ಇದ್ದ ದೊಡ್ಡವರು. ಆ ಬಿಡುವು ಸುಮ್ಮನೆ ಬಂದಿದ್ದಲ್ಲ. ತೋಟ, ಗದ್ದೆಗಳಲ್ಲಿ ಬೇರೆಯವರು ದುಡೀತಿದ್ದರು. ಉಪ್ಪರಿಗೆಯ ದೀಪಕ್ಕೆ ಎಣ್ಣೆ ಹಾಕಿದ್ದು ಅವರ ಬೆವರು.

ಇಂಗ್ಲಿಷಿಗೆ ಹೋಗಿ ವಾಪಸ್ ಬಂದಿದ್ದು

ಮುಂದಿನ ಓದಿಗೆ ಹುಡುಗ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಗೆ ಹೋದ. ಅವನಿಗೆ ಹನ್ನೆರಡು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ಅಷ್ಟು ಹೊತ್ತಿಗೆ ಹೊರಗಿನ ಗಾಳಿಯೂ ಬದಲಾಗ್ತಿತ್ತು. ಒಕ್ಕಲಿಗರ ಸಂಘ 1906ರಲ್ಲೇ ಹುಟ್ಟಿತ್ತು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕು ಅನ್ನುವ ಕೂಗಿಗೆ 1918ರಲ್ಲಿ ಮಿಲ್ಲರ್ ಸಮಿತಿ ಬಂತು. ಶೂದ್ರ ಮನೆಯ ಹುಡುಗ ಮೈಸೂರಿಗೆ ಹೋಗಿ ಹೈಸ್ಕೂಲು, ಕಾಲೇಜು ಓದೋದು ಕಲ್ಪನೆಗೆ ನಿಲುಕುವ ಮಾತಾಗತೊಡಗಿತ್ತು.

ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಸೇರಿದ ಪುಟ್ಟಪ್ಪ, ಈಗಿನ ನಮ್ಮ ಮಕ್ಕಳು ಮಾಡೋದನ್ನೇ ಮಾಡಿದ. ಇಂಗ್ಲಿಷಿಗೆ ಮನಸೋತ. ಬರೆದಿದ್ದೂ ಇಂಗ್ಲಿಷಿನಲ್ಲೇ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಅನ್ನುವ ಇಂಗ್ಲಿಷ್ ಕವಿತೆಗಳ ಪುಸ್ತಕವೂ ಬಂತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಆ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂತ ಬುದ್ಧಿ ಹೇಳಿದ ಕಥೆ ನಮಗೆಲ್ಲ ಗೊತ್ತು.

ಈ ಕಥೆಯನ್ನು ನಾವು ಕನ್ನಡಾಭಿಮಾನದ ಕಥೆಯಾಗಿ ಹೇಳ್ಕೊಂಡು ಬಂದಿದ್ದೀವಿ. ನನಗೆ ಅದರಲ್ಲಿ ಕಾಣೋದು ಬೇರೆ. ಸಲಹೆ ಯಾರು ಬೇಕಾದರೂ ಕೊಡಬಹುದು. ವಾಪಸ್ ಬರೋಕೆ ಅಲ್ಲಿ ಏನಾದರೂ ಇರಬೇಕಲ್ಲ? ಪುಟ್ಟಪ್ಪನಿಗೆ ಇತ್ತು. ಹತ್ತು ವರ್ಷದೊಳಗೆ ಕಿವಿ ತುಂಬಿಸಿಕೊಂಡಿದ್ದ ಕನ್ನಡ ಅಲ್ಲೇ ಕಾಯ್ತಾ ಕೂತಿತ್ತು. ಇಂಗ್ಲಿಷ್ ಅದನ್ನು ಅಳಿಸಿರಲಿಲ್ಲ, ಅದರ ಪಕ್ಕ ಇನ್ನೊಂದು ಕಿಟಕಿ ತೆರೆದಿತ್ತು ಅಷ್ಟೆ. ಮನೆಮಾತಿನ ತಳಪಾಯ ಗಟ್ಟಿಯಿದ್ದರೆ ಎರಡನೇ ಭಾಷೆಯೂ ಸಲೀಸು ಅಂತ ಭಾಷಾತಜ್ಞರು ಹೇಳೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಹೀಗೆ ವಾಪಸ್ ಬಂದ ಯುವಕ ಮೊದಮೊದಲು ಬರೆದಿದ್ದರಲ್ಲಿ ಮಕ್ಕಳಿಗೆ ಬರೆದಿದ್ದೂ ಇದೆ ಅನ್ನೋದು ನನಗೆ ಬಹಳ ಮುಖ್ಯ ಅನ್ನಿಸುತ್ತೆ. ‘ಅಮಲನ ಕಥೆ’, ‘ಮೋಡಣ್ಣನ ತಮ್ಮ’, ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಕಿಂದರಿಜೋಗಿಯ ಮೂಲ ರಾಬರ್ಟ್ ಬ್ರೌನಿಂಗನ ಇಂಗ್ಲಿಷ್ ಪದ್ಯ, ಅದರ ಹಿಂದೆ ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆ. ಆದರೆ ಕನ್ನಡದಲ್ಲಿ ಅದನ್ನು ಕೇಳಿದ ಯಾವ ಮಗುವಿಗೂ ಜರ್ಮನಿ ನೆನಪಾಗಲ್ಲ. ಇಲಿಗಳ ದಂಡು ನಮ್ಮೂರ ಕಣಜದಿಂದಲೇ ಹೊರಟಹಾಗಿರುತ್ತೆ. ಪ್ರಾಸ, ಓಟ, ಪಟ್ಟಿಯ ಮೇಲೆ ಪಟ್ಟಿ. ಓದೋಕೆ ಬಾರದ ಮಗುವೂ ಎರಡು ಸಲ ಕೇಳಿದರೆ ಮೂರನೇ ಸಲ ಜೊತೆಗೆ ಹೇಳುತ್ತೆ. ಉಪ್ಪರಿಗೆಯಲ್ಲಿ ತಾನು ಪಡೆದಿದ್ದನ್ನು ಉಪ್ಪರಿಗೆ ಇಲ್ಲದ ಮನೆಗಳ ಮಕ್ಕಳಿಗೂ ತಲುಪುವ ಹಾಗೆ ಮಾಡಿದ್ದು ಅದು.

ಮನೆಯ ಜೊತೆ ಜಗಳ

1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದ ಮೇಲೆ ಕುವೆಂಪು ಬರವಣಿಗೆಯಲ್ಲಿ ಇನ್ನೊಂದು ಎಳೆ ಗಟ್ಟಿಯಾಗುತ್ತಾ ಹೋಗುತ್ತೆ. ಮನೆ ಕೊಟ್ಟಿದ್ದನ್ನು ಮನೆಗೇ ತಿರುಗಿಸಿ ಪ್ರಶ್ನೆ ಕೇಳುವ ಎಳೆ.

ಬಾಲ್ಯದಲ್ಲಿ ಕೇಳಿದ್ದು ರಾಮನ ಕಥೆ. ದೊಡ್ಡವರಾದ ಮೇಲೆ ಅವರು ಕೇಳಿಕೊಂಡಿದ್ದು, ಆ ಕಥೆಯಲ್ಲಿ ನಮ್ಮಂಥವರ ಜಾಗ ಎಲ್ಲಿ ಅಂತ. 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ ತಪಸ್ಸು ಮಾಡಿದ ಶಂಬೂಕನ ತಲೆ ಬೀಳಲ್ಲ. ರಾಮ ಬಿಟ್ಟ ಬಾಣ ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗಿ, ಅವನ ಜಾತಿಯ ಅಹಂಕಾರ ಮುರಿಯುತ್ತೆ. ಆ ನಾಟಕ ಬಂದಾಗ ಮಾಸ್ತಿಯವರಂಥ ಹಿರಿಯರೂ ಆಕ್ಷೇಪ ಎತ್ತಿದರು. ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಏಕಲವ್ಯ ಬರ್ತಾನೆ, ಕಲಿತಿದ್ದಕ್ಕೆ ಹೆಬ್ಬೆರಳು ಕೊಡಬೇಕಾಗಿ ಬಂದ ಹುಡುಗ. ಎರಡೂ ನಾಟಕಗಳು ಕೇಳೋದು ಒಂದೇ ಪ್ರಶ್ನೆ: ಕಲಿಯುವ ಹಕ್ಕು ಯಾರದ್ದು? 1936ರಲ್ಲಿ ಶುರು ಮಾಡಿ ಹತ್ತು ವರ್ಷ ಬರೆದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆ ಒಬ್ಬಳೇ ಬೆಂಕಿಗೆ ಇಳಿಯಲ್ಲ, ರಾಮನೂ ಇಳೀತಾನೆ. 1949ರಲ್ಲಿ ಪ್ರಕಟವಾದ ಆ ಕಾವ್ಯಕ್ಕೇ 1967ರಲ್ಲಿ ಕನ್ನಡದ ಮೊದಲ ಜ್ಞಾನಪೀಠ ಬಂದಿದ್ದು.

ನಿಜವಾದ ಸಾಕ್ಷರತೆ ಅಂದರೆ ಇದೇ ಅಲ್ವಾ? ಮನೆ ಕೊಟ್ಟ ಕಥೆಯನ್ನು ಬಾಯಿಪಾಠ ಒಪ್ಪಿಸೋದು ಅರ್ಧ ಓದು. ಅದೇ ಕಥೆಗೆ ಎದುರು ನಿಂತು, ಇದು ಹೀಗ್ಯಾಕೆ ಅಂತ ಕೇಳೋಕೆ ಬಂದಾಗ ಓದು ಪೂರ್ತಿಯಾಗುತ್ತೆ. ಈ ಜಗಳವನ್ನೂ ಆ ಮನೆಯೇ ಕಲಿಸಿತ್ತು ಅಂತ ನನ್ನ ಅನುಮಾನ. ತಾಳಮದ್ದಲೆ ಕೇಳಿ ಬೆಳೆದವರಿಗೆ ಪುರಾಣದ ಪಾತ್ರದ ಜೊತೆ ವಾದ ಮಾಡೋದು ಪಾಪ ಅನ್ನಿಸಲ್ಲ.

ಈಗ ಆಗಲೇ ನೆನಪಿಟ್ಟುಕೊಳ್ಳಿ ಅಂದ ಮಾತಿಗೆ ಬರೋಣ. ಶಾಸ್ತ್ರದ ಲೆಕ್ಕದಲ್ಲಿ ಶೂದ್ರರು, ಜಮೀನಿನ ಲೆಕ್ಕದಲ್ಲಿ ಒಡೆಯರು. ಮಲೆನಾಡಿನ ದೊಡ್ಡ ಮನೆಗಳಲ್ಲಿ ಜೀತಕ್ಕಿದ್ದವರಿಗೆ ಆ ಕಾಲದಲ್ಲಿ ಜಗಲಿ ಹತ್ತುವ ಹಕ್ಕೇ ಇರಲಿಲ್ಲ. ಉಪ್ಪರಿಗೆಯ ಓದು ಅಂಗಳದವರೆಗೆ ಕೇಳಿಸಿದರೂ, ಮರಳು ಹರವಿ ಅಕ್ಷರ ತಿದ್ದಿಸುವ ಐಗಳು ಆ ಮಕ್ಕಳ ಪಾಲಿಗಿರಲಿಲ್ಲ. ಅಡುಗೆಮನೆಯಲ್ಲಿದ್ದ ಹೆಣ್ಣುಮಕ್ಕಳಲ್ಲೂ ಹೆಚ್ಚಿನವರ ಪಾಡು ಅದೇ. ಒಂದೇ ಮಳೆ, ಒಂದೇ ರಾತ್ರಿ, ಒಂದೇ ದನಿ. ಆದರೆ ಅಕ್ಷರ ಸಿಕ್ಕಿದ್ದು ಒಡೆಯರ ಮಕ್ಕಳಿಗೆ.

ಕುವೆಂಪುಗೆ ಇದು ಕಾಣದೇ ಹೋಗಲಿಲ್ಲ. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಮೈಸೂರಲ್ಲಿ ಓದಿ ಬಂದ ಹೂವಯ್ಯ ಮನೆಯ ಹಳೇ ಕ್ರೌರ್ಯದ ಎದುರು ನಿಲ್ತಾನೆ. 1967ರ ‘ಮಲೆಗಳಲ್ಲಿ ಮದುಮಗಳು’ ಹೊತ್ತಿಗೆ ಅವರ ಕಣ್ಣು ಇನ್ನೂ ಕೆಳಗಿಳಿದು, ಗುತ್ತಿ, ತಿಮ್ಮಿ, ಐತ, ಪೀಂಚಲು ಕಥೆಯ ನಡುಮನೆಗೇ ಬಂದು ಕೂರ್ತಾರೆ. ಅಕ್ಷರ ಸಿಗದ ಆ ಜನರ ತಲೆಯೊಳಗೆ ಎಂಥ ಮಾತು, ಎಂಥ ಕಥೆ, ಎಂಥ ಜಾಣತನ ಇತ್ತು ಅನ್ನೋದನ್ನು ಕನ್ನಡದಲ್ಲಿ ಅಷ್ಟು ದೊಡ್ಡದಾಗಿ ತೋರಿಸಿದ ಇನ್ನೊಂದು ಕಾದಂಬರಿ ನನಗೆ ಗೊತ್ತಿಲ್ಲ.

ಹುಟ್ಟುವಾಗ ದೊಡ್ಡದು, ಬೆಳೀತಾ ಸಣ್ಣದು

1956ರಿಂದ 1960ರವರೆಗೆ ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ. ಅಲ್ಲೇ ಓದಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. ಮಾನಸಗಂಗೋತ್ರಿ ಅವರ ಕನಸು, ಹೆಸರಿಟ್ಟವರೂ ಅವರೇ. ಆ ಹೊತ್ತಿನಲ್ಲಿ ಅವರು ಹಿಡಿದ ಹಟ ಕನ್ನಡ ಮಾಧ್ಯಮದ್ದು. ವಿಜ್ಞಾನವನ್ನೂ ಕನ್ನಡದಲ್ಲೇ ಹೇಳಬೇಕು, ಪುಸ್ತಕ ಇಲ್ಲದಿದ್ದರೆ ಬರೆಸಬೇಕು ಅನ್ನೋದು ಅವರ ನಿಲುವಾಗಿತ್ತು. ಅದು ಬರೀ ಭಾಷಾಪ್ರೇಮ ಅಲ್ಲ. ಮನೆಮಾತಿನಿಂದ ದೂರದ ಭಾಷೆಯಲ್ಲಿ ಜ್ಞಾನವನ್ನು ಬಚ್ಚಿಟ್ಟರೆ ಅದು ಮತ್ತೆ ಕೆಲವೇ ಮನೆಗಳ ಸ್ವತ್ತಾಗುತ್ತೆ ಅನ್ನೋ ಲೆಕ್ಕ. ಮುಂದೆ 2014ರಲ್ಲಿ ಸುಪ್ರೀಂ ಕೋರ್ಟು, ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಖಾಸಗಿ ಶಾಲೆಗಳ ಮೇಲೆ ಹೇರುವ ಹಾಗಿಲ್ಲ ಅಂತ ತೀರ್ಪು ಕೊಟ್ಟ ಮೇಲೆ ಆ ಹಟ ಸೋತಿದೆ ಅಂತ ಅನ್ನಿಸಬಹುದು. ಆದರೆ ಪ್ರಶ್ನೆ ಹಾಗೇ ಇದೆ.

ಅವರ ಸ್ವಂತ ಮನೆ, ಮೈಸೂರಿನ ಉದಯರವಿ, ಇನ್ನೊಂದು ಪ್ರಯೋಗ. 1937ರಲ್ಲಿ ಹೇಮಾವತಿಯವರನ್ನು ಮದುವೆಯಾದರು, ನಾಲ್ವರು ಮಕ್ಕಳು. ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿ ಬರೆದ ‘ಅಣ್ಣನ ನೆನಪು’ ಓದಿದವರಿಗೆ ಆ ಮನೆ ಗೊತ್ತಿರುತ್ತೆ. ಪುಸ್ತಕಕ್ಕೂ ಜಾಗ, ಮಕ್ಕಳ ಹುಚ್ಚಾಟಗಳಿಗೂ ಜಾಗ. ಕವಿಯ ಮಗ ಕವಿಯೇ ಆಗಬೇಕೆಂಬ ಒತ್ತಾಯ ಇರಲಿಲ್ಲ. ತೇಜಸ್ವಿ ಮೂಡಿಗೆರೆಗೆ ಹೋಗಿ ತೋಟ ಮಾಡಿದರು, ಹಕ್ಕಿಗಳ ಫೋಟೊ ತೆಗೆದರು, ಅಪ್ಪನಿಗಿಂತ ತೀರಾ ಬೇರೆ ಕನ್ನಡದಲ್ಲಿ ಬರೆದರು.

ಕೊನೆಕೊನೆಗೆ ಕುವೆಂಪು ಮತ್ತೆ ಮತ್ತೆ ಹೇಳಿದ ಮಾತಿನ ಸಾರ ಇಷ್ಟು: ಮಗು ಹುಟ್ಟುವಾಗ ವಿಶ್ವಮಾನವನಾಗಿಯೇ ಹುಟ್ಟುತ್ತೆ, ಆಮೇಲೆ ನಾವು ಅದಕ್ಕೆ ಜಾತಿ, ಮತ, ದೇಶಗಳ ಬೇಲಿ ಹಾಕಿ ಸಣ್ಣದು ಮಾಡ್ತೀವಿ, ಆ ಬೇಲಿ ಕಿತ್ತು ಮತ್ತೆ ದೊಡ್ಡದು ಮಾಡೋದೇ ವಿದ್ಯೆಯ ಕೆಲಸ. ಇದನ್ನು ನಾವು ಭಾಷಣಕ್ಕೆ ಬಳಸಿ ಸವೆಸಿದ್ದೀವಿ. ಎಳೆ ಮಕ್ಕಳ ಕಲಿಕೆಯ ಕಣ್ಣಿನಿಂದ ನೋಡಿದರೆ ಇದು ತುಂಬಾ ಖಾರದ ಮಾತು. ಮನೆ ಮಗುವಿಗೆ ಮಾತು ಕೊಡುತ್ತೆ, ಜೊತೆಗೆ ಯಾರ ಜೊತೆ ಮಾತಾಡಬಾರದು ಅನ್ನೋದನ್ನೂ ಕಲಿಸುತ್ತೆ. ಹಾಗಾಗಿ ಮಗುವನ್ನು ಪೂರ್ತಿಯಾಗಿ ಮನೆಗೆ ಬಿಡೋ ಹಾಗಿಲ್ಲ. ಮನೆಯಿಂದಾಚೆ ಒಂದು ಜಗಲಿ ಬೇಕು, ಎಲ್ಲರೂ ಹತ್ತಬಹುದಾದ ಜಗಲಿ.

1994ರ ನವೆಂಬರ್ 11ರಂದು ಕುವೆಂಪು ಮೈಸೂರಿನಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆ ಆಗಿದ್ದು ಕುಪ್ಪಳಿಯಲ್ಲಿ, ಕವಿಶೈಲದ ಮೇಲೆ. ಮನೆ ಈಗ ವಸ್ತುಸಂಗ್ರಹಾಲಯ. ರಜಾ ದಿನ ಬಂದವರು ಉಪ್ಪರಿಗೆ ಹತ್ತಿ ಫೋಟೊ ತೆಗೆಸಿಕೊಂಡು ಇಳೀತಾರೆ.

ಖಾಲಿ ಮನೆ ಅನ್ನೋದಿಲ್ಲ

ಈಗ ನಮ್ಮ ತಾಲ್ಲೂಕಿಗೆ ಬರೋಣ. ಇಲ್ಲಿನ ಬಡವರ ಮನೆಗಳಲ್ಲಿ ಓದುವ ವಾತಾವರಣ ಇಲ್ಲ ಅಂತ ಅನ್ನುವವರು ಆ ಮನೆಗಳಲ್ಲಿ ಇರೋದನ್ನು ನೋಡಿದ್ದಾರಾ? ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ರಾತ್ರಿಯಿಡೀ ಮನೆಮನೆಗೆ ದೀಪ ಹೊತ್ತು ಪದ ಹೇಳ್ತಾರೆ. ಭೂಮಿ ಹುಣ್ಣಿಮೆಗೆ ದೀವರ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೀತಾರೆ. ಒಂದೊಂದು ಎಳೆಗೂ ಹೆಸರಿದೆ, ಲೆಕ್ಕ ಇದೆ. ಗೆರೆಯಲ್ಲಿ ಅರ್ಥ ಇಡೋದು ಅಂದರೆ ಅದೇ ತಾನೆ. ತಾಂಡಾಗಳಲ್ಲಿ ಲಂಬಾಣ್ಯರ ಹಾಡುಗಳಿವೆ. ಶಿರಾಳಕೊಪ್ಪದ ಉರ್ದು ಮನೆಗಳಲ್ಲಿ ಬೇರೆ ಕಥೆಗಳಿವೆ. ನಮ್ಮ ಅಜ್ಜಿಗೂ ಓದು ಬರ್ತಿರಲಿಲ್ಲ, ಮನೆಯಲ್ಲಿದ್ದ ಪುಸ್ತಕ ಅಂದರೆ ಪಂಚಾಂಗ ಒಂದೇ. ಆದರೆ ಅವರ ಒಗಟು ಬಿಡಿಸದೇ ಯಾವ ಮೊಮ್ಮಗುವಿಗೂ ಊಟ ಸಿಗ್ತಿರಲಿಲ್ಲ.

ಕಷ್ಟ ಇರೋದು ಈ ಸಂಪತ್ತು ಶಾಲೆಯ ಬಾಗಿಲು ದಾಟದೇ ಇರೋದರಲ್ಲಿ. ಅಮೆರಿಕದ ಶರ್ಲಿ ಬ್ರೈಸ್ ಹೀತ್ 1983ರ ತಮ್ಮ ಪುಸ್ತಕದಲ್ಲಿ, ದುಡಿಯುವ ಜನರ ಎರಡು ಕೇರಿಗಳಲ್ಲಿ ವರ್ಷಗಟ್ಟಲೆ ಕೂತು ಇದನ್ನೇ ಕಂಡು ಬರೆದರು. ಎರಡೂ ಕಡೆ ಮಕ್ಕಳು ಮಾತಿನಲ್ಲಿ ಚುರುಕು, ಆದರೆ ಅವರು ಕಥೆ ಹೇಳುವ ರೀತಿಯೇ ಬೇರೆ, ಶಾಲೆ ಕೇಳುವ ರೀತಿಯೇ ಬೇರೆ. ಸೋತಿದ್ದು ಮಕ್ಕಳು. 1995ರಲ್ಲಿ ಅಲ್ಲೇ ಇನ್ನೊಂದು ಅಧ್ಯಯನ ಬಂದು, ಬಡವರ ಮಕ್ಕಳ ಕಿವಿಗೆ ಮೂರು ಕೋಟಿ ಪದ ಕಡಿಮೆ ಬೀಳುತ್ತೆ ಅಂತ ಜಗತ್ತಿನ ತುಂಬ ಸುದ್ದಿಯಾಯ್ತು. ಅವರು ನೋಡಿದ್ದು 42 ಕುಟುಂಬಗಳನ್ನು ಮಾತ್ರ. 2018ರಲ್ಲಿ ಬೇರೆಯವರು ಬೇರೆ ಊರುಗಳಲ್ಲಿ ನೋಡಿದಾಗ, ಮಗುವಿನ ಸುತ್ತ ಆಡುವ ಎಲ್ಲರ ಮಾತನ್ನೂ ಲೆಕ್ಕ ಹಿಡಿದರೆ ಅಂಥ ಕಂದಕ ಕಾಣಲಿಲ್ಲ. ಬಡವರ ಮನೆಯನ್ನು ಖಾಲಿ ಅಂತ ಕರೆಯೋಕೆ ಸಂಶೋಧನೆಯೂ ಎಷ್ಟು ಅವಸರ ಮಾಡುತ್ತೆ ನೋಡಿ.

ಹಾಗಂತ ಎಲ್ಲ ಸರಿಯಿದೆ ಅಂತ ನಾನು ಹೇಳ್ತಿಲ್ಲ. ಹಾಡು, ಒಗಟು ಇದ್ದರೂ ಅಕ್ಷರ ತಾನಾಗಿ ಬರಲ್ಲ. ಕುಪ್ಪಳಿಯಲ್ಲೂ ಬರಲಿಲ್ಲ, ಐಗಳನ್ನು ಕರೆಸಬೇಕಾಯ್ತು, ಪುಸ್ತಕ ತರಿಸಬೇಕಾಯ್ತು. ಅಕ್ಷರಕ್ಕೆ ಯಾವಾಗಲೂ ಯಾರೋ ಒಬ್ಬರು ಖರ್ಚು ಹಾಕಿರ್ತಾರೆ. ನಮ್ಮದೇ ತಾಲ್ಲೂಕಿನ ತಾಳಗುಂದದ ಹನ್ನೆರಡನೇ ಶತಮಾನದ ಶಾಸನದಲ್ಲಿ ಕನ್ನಡ ಅಕ್ಷರ ಕಲಿಸುವವರಿಗೂ ದತ್ತಿ ಬಿಟ್ಟ ಉಲ್ಲೇಖ ಇದೆ. ಬಳ್ಳಿಗಾವಿಯ ಕೋಡಿಯಮಠದಲ್ಲಿ ಓದು, ಊಟ, ಔಷಧ ಮೂರೂ ನಡೀತಿತ್ತು ಅಂತ 1162ರ ಶಾಸನ ಹೇಳುತ್ತೆ. ಅಂದು ಕೊಟ್ಟಿದ್ದು ರಾಜರು ಮತ್ತು ದಂಡನಾಯಕರು, ಕುಪ್ಪಳಿಯಲ್ಲಿ ಕೊಟ್ಟಿದ್ದು ಅಡಿಕೆ ತೋಟ. ಇಂದು ಕೊಡಬೇಕಾದ್ದು ನಮ್ಮ ತೆರಿಗೆಯಿಂದ ನಡೆಯುವ ಸರ್ಕಾರ.

ಅದರ ವ್ಯವಸ್ಥೆಯೂ ಇದೆ. ಅದರ ಹೆಸರು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದಿದ್ದು ತಿರುಮಕೂಡಲು ನರಸೀಪುರ. ಅದರ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಆದರೆ ಆ ಕಾರ್ಯಕರ್ತೆಯ ದಿನ ಹೇಗೆ ಹೋಗುತ್ತೆ? ಆಹಾರ ಹಂಚಬೇಕು, ಮಕ್ಕಳ ತೂಕ ಹಾಕಬೇಕು, ಅದನ್ನು ಮೊಬೈಲ್ ಆ್ಯಪಿಗೆ ತುಂಬಬೇಕು, ಸರ್ವೆ ಮಾಡಬೇಕು, ಚುನಾವಣೆ ಬಂದರೆ ಅದರ ಕೆಲಸವೂ ತಲೆಗೆ. ಆಕೆಗೆ ಸಿಗೋದು ಸಂಬಳವೂ ಅಲ್ಲ, ಅದಕ್ಕೆ ಗೌರವಧನ ಅಂತ ಹೆಸರು. ಕುಪ್ಪಳಿಯ ಐಗಳಿಗೆ ಮನೆಯವರು ಹೇಳಿದ್ದು ಮಕ್ಕಳಿಗೆ ಕಲಿಸಿ ಅಂತ. ನಾವು ನಮ್ಮ ಅಂಗನವಾಡಿ ಟೀಚರ್‌ಗೆ ಉಳಿದ ಕೆಲಸಗಳೆಲ್ಲ ಮುಗಿದ ಮೇಲೆ ಸಮಯ ಸಿಕ್ಕಿದರೆ ಕಲಿಸಿ ಅಂತ ಹೇಳ್ತಿದ್ದೀವಿ.

ಕುಪ್ಪಳಿ ಮನೆಯಲ್ಲಿದ್ದ ಬಿಡಿಭಾಗಗಳನ್ನು ಇನ್ನೊಂದು ಸಲ ಎಣಿಸಿ. ಜೋರಾಗಿ ಓದುವ ದನಿ, ಹತ್ತಿರದ ಭಾಷೆ, ಕೈಗೆ ಸಿಗುವ ಪುಸ್ತಕ, ಬಿಡುವಿರುವ ದೊಡ್ಡವರು. ಇದರಲ್ಲಿ ಯಾವುದೂ ರಕ್ತದಲ್ಲಿ ಬರುವಂಥದ್ದಲ್ಲ, ಎಲ್ಲವನ್ನೂ ಊರಿನ ಮಟ್ಟದಲ್ಲಿ ಒದಗಿಸೋಕೆ ಸಾಧ್ಯ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು, ಈಗ ಅವುಗಳಿಗೆ ಅರಿವು ಕೇಂದ್ರ ಅಂತ ಹೆಸರು. ಅಂದರೆ ಜಗಲಿ ಸಿದ್ಧ ಇದೆ. ಅಂಗನವಾಡಿ ಟೀಚರ್‌ಗೆ ಒಂದು ಗಂಟೆ ಬೇರೆ ಯಾವ ಕೆಲಸವೂ ಇಲ್ಲದೆ ಮಕ್ಕಳ ಮುಂದೆ ಕೂತು ಕಥೆ ಓದುವ ಸಮಯ ಕೊಡಿ. ತಾಂಡಾದ ಮಗುವಿಗೆ ಮೊದಲ ಕಥೆ ಲಂಬಾಣಿಯಲ್ಲಿ ಕೇಳಿಸಿ, ಆಮೇಲೆ ಕನ್ನಡಕ್ಕೆ ಕೈ ಹಿಡಿದು ಕರೆತನ್ನಿ. ಚಿತ್ತಾರ ಬರೆಯುವ ಅಮ್ಮನನ್ನು, ಪದ ಹೇಳುವ ಅಜ್ಜನನ್ನು ವಾರಕ್ಕೊಮ್ಮೆ ಅಂಗನವಾಡಿಗೆ ಕರೆಸಿ ಕೂರಿಸಿ. ಕೂಲಿಯವರ ದಿನಗೂಲಿ ಸಂಜೆ ಮಗುವಿನ ಜೊತೆ ಕೂರೋಕೆ ಬಿಡುವಷ್ಟಾದರೂ ಇದೆಯಾ ಅಂತ ಕೇಳಿ, ಯಾಕೆಂದರೆ ಅದೂ ಸಾಕ್ಷರತೆಯದ್ದೇ ಪ್ರಶ್ನೆ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪಗಳ ಜೊತೆ ಇದನ್ನೂ ಕೇಳೋಣ: ನಮ್ಮ ಊರಿನ ನಾಲ್ಕು ವರ್ಷದ ಮಕ್ಕಳಿಗೆ ಈ ವಾರ ಯಾರು ಕಥೆ ಓದಿ ಹೇಳಿದರು? ಯಾವ ಪುಸ್ತಕದಿಂದ? ಯಾವ ಭಾಷೆಯಲ್ಲಿ? ಇಷ್ಟಕ್ಕೆ ಉತ್ತರ ಕೊಡೋಕಾಗದವರಿಗೆ ಮಗುವಿನ ಮನೆಯತ್ತ ಬೊಟ್ಟು ಮಾಡುವ ಹಕ್ಕಿಲ್ಲ.